ತಿಂಡಿಗೆ ಬಗ್ಗದ ನಾಯಿ ಹಟಮಾರಿಯೇ? ಪಾವ್ಲೋವ್ ಬದುಕಿನಲ್ಲಿದೆ ಉತ್ತರ

ಬಿಸ್ಕತ್ತು ತೋರಿಸಿದರೂ ಮಾತು ಕೇಳದ ನಾಯಿ ಹಟಮಾರಿ, ಅದಕ್ಕೆ ಏನನ್ನೂ ಕಲಿಸಲಾಗದು ಎಂದು ಹಲವರು ನಂಬುತ್ತಾರೆ. ಇದು ತಪ್ಪು. ಏಕೆಂದು ತಿಳಿಯಲು, ನಾಯಿಯ ಜೊಲ್ಲಿನ ಪ್ರಯೋಗದಿಂದ ಹೆಸರಾದ ಇವಾನ್ ಪಾವ್ಲೋವ್ ಅವರ ಕಥೆ ಓದಿ.

ಪಾವ್ಲೋವ್ ಹುಟ್ಟಿದ್ದು 1849ರಲ್ಲಿ, ರಷ್ಯಾದ ರಿಯಾಜಾನ್‌ನಲ್ಲಿ. ತಂದೆ ಚರ್ಚಿನ ಪಾದ್ರಿ. ಮಗನೂ ಪಾದ್ರಿಯಾಗಲು ಓದುತ್ತಿದ್ದವರು ಅದನ್ನು ಬಿಟ್ಟು, 1870ರಲ್ಲಿ ವಿಜ್ಞಾನ ಕಲಿಯಲು ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದರು. ಜೀರ್ಣಕ್ರಿಯೆಯ ಸಂಶೋಧನೆಗೆ 1904ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅದಕ್ಕಾಗಿ ಶಸ್ತ್ರಚಿಕಿತ್ಸೆಗೆ ಒಳಗಾದ ಅನೇಕ ನಾಯಿಗಳು ಸತ್ತವು ಎಂಬುದೂ ನಿಜ.

ಊಟ ಬಾಯಿಗೆ ಬೀಳುವ ಮೊದಲೇ ನಾಯಿಗಳು ಜೊಲ್ಲು ಸುರಿಸುವುದು ಅವರ ಗಮನ ಸೆಳೆಯಿತು. ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಸದ್ದಿನ ಜೊತೆ ಮತ್ತೆ ಮತ್ತೆ ಊಟ ಕೊಟ್ಟರು. ಕೊನೆಗೆ ಬರೀ ಸದ್ದಿಗೇ ಜೊಲ್ಲು ಬರತೊಡಗಿತು.

ಆದರೆ ಈ ಪ್ರಯೋಗ ಎಲ್ಲ ಸಲವೂ ಫಲಿಸಲಿಲ್ಲ. ಹೊಟ್ಟೆ ತುಂಬಿದ್ದರೆ ನಾಯಿಗೆ ಊಟದ ಸೂಚನೆ ಬೇಡ. ಅಪರಿಚಿತರು ಬಂದರೆ, ಹೊರಗೆ ಸದ್ದಾದರೆ ಅದರ ಗಮನ ಅತ್ತಲೇ. ಹಾಗಾಗಿ ಪಾವ್ಲೋವ್ ಹೊರಗಿನ ಸದ್ದು ಒಳಬಾರದ ಪ್ರಯೋಗಾಲಯವನ್ನೇ ಕಟ್ಟಿಸಿದರು. ಒಂದು ನಾಯಿಯಂತೂ ಕಟ್ಟಿಹಾಕುವುದನ್ನು ಸಹಿಸದೆ, ಅಲ್ಲಿ ಕೊಟ್ಟ ಊಟವನ್ನೂ ಸರಿಯಾಗಿ ತಿನ್ನದೆ ಮೊದಮೊದಲು ಸೊರಗಿತು. ಅದಕ್ಕೆ ಬೇಕಿದ್ದದ್ದು ಸ್ವಾತಂತ್ರ್ಯ ಎಂದು ಪಾವ್ಲೋವ್ ಅರ್ಥಮಾಡಿಕೊಂಡರು.

1924ರಲ್ಲಿ ನಗರಕ್ಕೆ ಪ್ರವಾಹ ಬಂತು. ನೀರು ನುಗ್ಗಿದ ಗೂಡುಗಳಿಂದ ನಾಯಿಗಳನ್ನು ಕಷ್ಟಪಟ್ಟು ಉಳಿಸಲಾಯಿತು. ಆಮೇಲೆ ಕೆಲವು ನಾಯಿಗಳು ಕಲಿತದ್ದನ್ನೇ ಮರೆತಂತಾದವು. ಚೇತರಿಸಿಕೊಂಡ ನಾಯಿಯೂ ಬಾಗಿಲ ಸಂದಿಯಲ್ಲಿ ನೀರು ಹರಿದುಬಂದರೆ ಮತ್ತೆ ಕಂಗೆಡುತ್ತಿತ್ತು. ಭಯ ಹಸಿವನ್ನೂ ಕಲಿಕೆಯನ್ನೂ ನುಂಗಿತ್ತು. 1936ರಲ್ಲಿ ತೀರಿಕೊಳ್ಳುವವರೆಗೂ ಪಾವ್ಲೋವ್ ಸಂಶೋಧನೆ ಬಿಡಲಿಲ್ಲ.

ಅವರು ನಾಯಿಗೆ ಕೂರು, ಬಾ ಎಂದು ಕಲಿಸುವ ತರಬೇತುದಾರರಲ್ಲ. ಆದರೂ ನಮಗೆ ಇಲ್ಲಿ ಪಾಠವಿದೆ. ತಿಂಡಿ ಬೇಡವೆನ್ನುವ ನಾಯಿಯನ್ನು ಗದರಬೇಡಿ. ಗದ್ದಲ, ಭಯ ಇಲ್ಲದ ಜಾಗದಲ್ಲಿ, ಊಟಕ್ಕೆ ಮುಂಚೆ ಕಲಿಸಿ. ಚೆಂಡಾಟ, ಹಗ್ಗದ ಎಳೆದಾಟ, ಸುರಕ್ಷಿತ ಜಾಗದಲ್ಲಿ ಓಡಾಟ, ದಾರಿಬದಿ ಮೂಸಲು ಬಿಡುವುದು, ಇವುಗಳಲ್ಲಿ ಅದಕ್ಕೆ ಇಷ್ಟವಾದದ್ದೇ ಬಹುಮಾನವಾಗಲಿ. ಹೇಳಿದ್ದು ಮಾಡಿದ ಕ್ಷಣವೇ ಭೇಷ್ ಎಂದು, ಕೂಡಲೇ ಬಹುಮಾನ ಕೊಡಿ. ಬರಬರುತ್ತಾ ಆ ಮಾತೇ ಮೆಟ್ರೊನೋಮ್ ಸದ್ದಿನಂತೆ ಒಳ್ಳೆಯದರ ಸೂಚನೆಯಾಗುತ್ತದೆ.

ಮನೆಯಲ್ಲೂ ಊಟ ಬಿಟ್ಟಿದ್ದರೆ ಮಾತ್ರ ಅದು ತರಬೇತಿಯ ಸಮಸ್ಯೆಯಲ್ಲ. ತಡಮಾಡದೆ ಪಶುವೈದ್ಯರಿಗೆ ತೋರಿಸಿ.