ಸರ್ ಸಿ. ವಿ. ರಾಮನ್‌ರವರ ಜೀವನವೃತ್ತಾಂತವೂ ನಮ್ಮ ಪ್ರಯೋಗಪಾಠಗಳೂ

ಗತಿಸಿದ ಮಹನೀಯರೊಬ್ಬರ ಚರಿತ್ರೆಯನ್ನು ಸ್ಮರಣಸಂಚಿಕೆಯಲ್ಲಿ ಬರೆಯುವುದು ನಮ್ಮ ಶಾಲೆಯ ವಾಡಿಕೆಯಷ್ಟೆ. ಈ ಸಲ ಸರ್ ಚಂದ್ರಶೇಖರ ವೆಂಕಟ ರಾಮನ್‌ರವರನ್ನು ಆರಿಸಿಕೊಂಡಿರುವೆವು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಕಡೆಯ ಹಳ್ಳಿಗಳಿಂದ ಬಂದು ೬ನೆಯ, ೭ನೆಯ ವರ್ಗಗಳನ್ನು ಸೇರುವ ಬಾಲಿಕೆಯರಲ್ಲಿ ಅನೇಕರು, ಪದಾರ್ಥವಿಜ್ಞಾನವೆಂದರೆ ಕರಿಹಲಗೆಯ ಬರಹವನ್ನು ವಹಿಯಲ್ಲಿ ಇಳಿಸಿಕೊಳ್ಳುವುದೆಂದೇ ತಿಳಿದಿರುತ್ತಾರೆ. ಒಡೆದುಹೋದೀತೆಂಬ ಅಂಜಿಕೆಯಿಂದ ಮಸೂರವನ್ನೂ ಆಯಸ್ಕಾಂತವನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿ, ತಪಾಸಣೆಯ ದಿನ ಮಾತ್ರ ಹೊರತೆಗೆದು ಒರೆಸಿಡುವ ಪದ್ಧತಿಯನ್ನು ನಾವು ಕೆಲವೆಡೆ ಕಣ್ಣಾರೆ ಕಂಡಿರುವೆವು. ಸ್ವಲ್ಪ ಬೆಲೆಯ ಸಾಮಗ್ರಿಗಳಿಂದ ಲೋಕವೇ ಬೆರಗಾಗುವಂಥ ಶೋಧವನ್ನು ಮಾಡಿದವರ ವೃತ್ತಾಂತವು ಇಂಥ ಬಾಲಿಕೆಯರಿಗೂ ಅವರ ಶಿಕ್ಷಕಿಯರಿಗೂ ತಿಳಿದಿರಬೇಕು.

ರಾಮನ್‌ರವರು ೧೮೮೮ನೆಯ ಇಸವಿ ನವೆಂಬರ ೭ನೆಯ ತಾರೀಖಿಗೆ ತಿರುಚಿನಾಪಳ್ಳಿಯ ಬಳಿಯ ತಿರುವಾನೈಕಾವಲಿನಲ್ಲಿ ಜನಿಸಿದರು. ತಾಯಿ ಪಾರ್ವತಿ ಅಮ್ಮಾಳರು. ತಂದೆ ಚಂದ್ರಶೇಖರ ಅಯ್ಯರರು ಮೊದಲು ಶಾಲಾಶಿಕ್ಷಕರಾಗಿದ್ದು, ತರುವಾಯ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಪದಾರ್ಥವಿಜ್ಞಾನಗಳ ಅಧ್ಯಾಪಕರಾದರು. ಮನೆಯಲ್ಲಿ ಪುಸ್ತಕಗಳಿದ್ದವು, ಪಿಟೀಲಿತ್ತು. ಬಾಲಕನು ೧೧ನೆಯ ವರುಷದಲ್ಲಿಯೇ ಮೆಟ್ರಿಕ್ ಪರೀಕ್ಷೆಯನ್ನು ದಾಟಿದನು. ೧೯೦೪ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಬಿ.ಎ. ಪರೀಕ್ಷೆಯಲ್ಲಿ ಮೊದಲಿಗನಾಗಿ ಸುವರ್ಣಪದಕವನ್ನು ಪಡೆದನು. ಹೆಚ್ಚಿನ ವ್ಯಾಸಂಗಕ್ಕೆ ಇಂಗ್ಲಂಡಿಗೆ ಹೋಗಬೇಕೆಂದರೆ, ಅಲ್ಲಿಯ ಚಳಿಯನ್ನು ಈ ಕೃಶಶರೀರವು ತಾಳಲಾರದೆಂದು ಸರಕಾರೀ ವೈದ್ಯರು ತೀರ್ಪಿತ್ತರು. ಹೀಗಾಗಿ ಅವರ ಸಮಸ್ತ ಶಿಕ್ಷಣವೂ ಈ ನೆಲದಲ್ಲಿಯೇ ಆಯಿತು. ಕಾಲೇಜಿನ ಸಾಧಾರಣ ಉಪಕರಣವೊಂದರಲ್ಲಿ, ಇಕ್ಕಟ್ಟಾದ ಸಂದಿನಿಂದ ಹಾಯ್ದ ಬೆಳಕಿನ ಪಟ್ಟೆಗಳು ಎರಡೂ ಪಕ್ಕಗಳಲ್ಲಿ ಸಮನಾಗಿಲ್ಲದ್ದನ್ನು ಕಂಡು, ಅದರ ಕಾರಣವನ್ನು ಹುಡುಕಿ ಬರೆದ ಲೇಖನವು ೧೯೦೬ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಅವರಿಗೆ ೧೮ ವರುಷ.

೧೯೦೭ರಲ್ಲಿ ಎಮ್.ಎ. ಮುಗಿಸಿ, ಅರ್ಥಖಾತೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ವೀಣೆ ಬಲ್ಲವರಾದ ಲೋಕಸುಂದರಿಯವರನ್ನು ವಿವಾಹವಾಗಿ, ಕಲಕತ್ತೆಗೆ ಸಹಾಯಕ ಅಕೌಂಟೆಂಟ್ ಜನರಲ್‌ರಾಗಿ ಹೋದರು. ಅಲ್ಲಿಯ ಬೌಬಜಾರಿನಲ್ಲಿ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರರು ೧೮೭೬ರಲ್ಲಿ ಸ್ಥಾಪಿಸಿದ್ದ ವಿಜ್ಞಾನಸಂಘದ ಪ್ರಯೋಗಶಾಲೆಯು ಬಹುಮಟ್ಟಿಗೆ ನಿಶ್ಶಬ್ದವಾಗಿ ಬಿದ್ದಿತ್ತು. ಕಚೇರಿಗೆ ಮುಂಚೆ ನಸುಕಿನಲ್ಲಿ ಒಮ್ಮೆ, ಕಚೇರಿ ಬಿಟ್ಟ ಮೇಲೆ ರಾತ್ರಿಯವರೆಗೆ ಇನ್ನೊಮ್ಮೆ, ಹೀಗೆ ರಾಮನ್‌ರವರು ಹತ್ತು ವರುಷ ಅಲ್ಲಿ ದುಡಿದರು. ಸಂಘದ ಸೇವಕರಾಗಿದ್ದ ಆಶುತೋಷ ಡೇ ಎಂಬವರು ಅವರಿಗೆ ಬಾಗಿಲು ತೆರೆದವರು. ಕಾಲೇಜಿನ ಮೆಟ್ಟಿಲನ್ನೇ ಏರದ ಈ ಗೃಹಸ್ಥರು ಪ್ರಯೋಗಗಳಲ್ಲಿ ಕೈಗೂಡಿಸುತ್ತ ಎಷ್ಟು ನಿಪುಣರಾದರೆಂದರೆ, ಲಂಡನ್ನಿನ ರಾಯಲ್ ಸೊಸಾಯಿಟಿಯ ಪತ್ರಿಕೆಯಲ್ಲಿ ಅವರ ಹೆಸರಿನಿಂದಲೇ ಲೇಖನವು ಪ್ರಕಟವಾಯಿತು. ೧೯೧೭ರಲ್ಲಿ ರಾಮನ್‌ರವರು ದೊಡ್ಡ ಸಂಬಳದ ನೌಕರಿಯನ್ನು ಬಿಟ್ಟು, ಕಡಿಮೆ ಸಂಬಳಕ್ಕೆ ಕಲಕತ್ತೆಯ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕರಾದರು.

ಆ ವರುಷಗಳಲ್ಲಿ ಅವರು ಕೈಗೊಂಡ ವಿಷಯಗಳಲ್ಲಿ ನಾದವು ಮುಖ್ಯವಾದದ್ದು. ಸವಾಯಿ ಗಂಧರ್ವರಂಥ ಗಾಯಕರನ್ನು ಕೊಟ್ಟ ಕುಂದಗೋಳದ ನಾಡಿನಲ್ಲಿ ತಂಬೂರಿಯ ಮತ್ತು ತಬಲೆಯ ಪರಿಚಯವಿಲ್ಲದವರು ಯಾರು? ಬರಿಯ ಚರ್ಮವನ್ನು ಬಿಗಿದ ವಾದ್ಯವನ್ನು ಬಡಿದರೆ ಅದರಿಂದ ಹೊರಡುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗ ಮತ್ತು ತಬಲೆಗಳಿಗೆ ನಡುವೆ ಮೆತ್ತುವ ಕಪ್ಪು ಶಾಯಿಯ ಭಾರದಿಂದ ಆ ಉಪಸ್ವರಗಳು ಮೂಲಸ್ವರದ ಎರಡರಷ್ಟು, ಮೂರರಷ್ಟು ಎಂಬ ಕ್ರಮಕ್ಕೆ ಬಂದು ಶ್ರುತಿಗೂಡುತ್ತವೆಂದು ಅವರು ೧೯೨೦ರಲ್ಲಿ ತೋರಿಸಿದರು. ಮುಂದೆ ಚರ್ಮದ ಮೇಲೆ ನುಣುಪಾದ ಮರಳನ್ನು ಉದುರಿಸಿ, ಅದು ಎಲ್ಲಿ ನಿಲ್ಲುವುದೆಂಬುದರಿಂದ ಕಂಪನದ ಬಗೆಗಳನ್ನು ಗುರುತಿಸಿದರು.

ಈ ಪ್ರಯೋಗವು ನಮ್ಮ ೭ನೆಯ ವರ್ಗದ ಮೇಜಿನ ಮೇಲೆ ನಡೆಯುತ್ತದೆ. ತಬಲೆಯ ಮೇಲೆ ರಂಗೋಲಿಯ ಒಣಪುಡಿಯನ್ನು ತೆಳ್ಳಗೆ ಉದುರಿಸಬೇಕು. ಅಂಚಿನ ಹತ್ತಿರ ಅನಾಮಿಕೆಯನ್ನು ಹಗುರವಾಗಿ ಊರಿ ತರ್ಜನಿಯಿಂದ ಮೆಲ್ಲಗೆ ಬಡಿಯುತ್ತಿರಬೇಕು. ಪುಡಿಯು ಕುಣಿಕುಣಿದು ಊರಿದ ಬೆರಳಿನ ನೇರಕ್ಕೆ ಗೆರೆಯಾಗಿ ಕೂಡುತ್ತದೆ. ಬೆರಳನ್ನು ಸರಿಸಿದರೆ ಗೆರೆಯೂ ಸರಿಯುತ್ತದೆ. ಇದಕ್ಕೆ ಹಳೆಯ ತಬಲೆಯನ್ನೇ ಉಪಯೋಗಿಸತಕ್ಕದ್ದು. ಒಳ್ಳೆಯದನ್ನು ತಂದರೆ ಮನೆಯ ಹಿರಿಯರಿಂದ ಬಾಲಿಕೆಗೆ ಬೈಗಳು ತಪ್ಪದು. ತಂಬೂರಿಯದು ಇನ್ನೂ ಸೋಜಿಗ. ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ ಮೇಲಿನ ಷಡ್ಜವು ಅದರಲ್ಲಿ ಕೇಳಿಸಕೂಡದೆಂಬುದು ಯುರೋಪಿನ ಶಾಸ್ತ್ರಜ್ಞರ ನಿಯಮ. ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನೆಳೆಯನ್ನು ಸೇರಿಸಿ ಜವಾರಿ ಮಾಡಿದ ತಂಬೂರಿಯು ಆ ನಿಯಮವನ್ನು ಮೀರುತ್ತದೆಂದು ರಾಮನ್‌ರವರು ೧೯೨೧ರಲ್ಲಿ ಬರೆದರು. ನೂಲನ್ನು ತೆಗೆದು ಒಮ್ಮೆ, ಸೇರಿಸಿ ಒಮ್ಮೆ ಮೀಟಿಸಿದರೆ ಭೇದವು ಹತ್ತು ವರುಷದ ಕಿವಿಗೂ ತಿಳಿಯುತ್ತದೆ. ಅದಾದ ಮೇಲೆಯೇ ಕಂಪನದ ಚಿತ್ರವನ್ನು ಹಲಗೆಯ ಮೇಲೆ ಬರೆಯುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಅದೇ ೧೯೨೧ರಲ್ಲಿ ಆಕ್ಸ್‌ಫರ್ಡಿನ ಸಮ್ಮೇಳನಕ್ಕೆ ಹೋಗಿ ನಾರ್ಕುಂಡಾ ಎಂಬ ಹಡಗಿನಲ್ಲಿ ಮರಳುವಾಗ, ಭೂಮಧ್ಯಸಮುದ್ರದ ಗಾಢವಾದ ನೀಲಿಯು ಅವರ ಮನಸ್ಸನ್ನು ಸೆಳೆಯಿತು. ಆಕಾಶದ ಪ್ರತಿಬಿಂಬವೇ ಈ ಬಣ್ಣಕ್ಕೆ ಕಾರಣವೆಂದು ಲಾರ್ಡ್ ರೇಲಿಯವರು ಹೇಳಿದ್ದರು. ರಾಮನ್‌ರವರ ಹತ್ತಿರ ನಿಕಲ್ ಎಂಬ ಪುಟ್ಟ ಪಟ್ಟಕವಿತ್ತು. ತಕ್ಕ ಕೋನದಲ್ಲಿ ಹಿಡಿದರೆ ಅದು ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ತಡೆಯುತ್ತದೆ. ಅದರ ಮೂಲಕ ನೋಡಿದಾಗಲೂ ನೀಲಿಯು ಅಳಿಯಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂದು ಅವರು ನಿರ್ಣಯಿಸಿದರು. (ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಕಡಲಿನ ನೀಲಿಗೆ ದೊಡ್ಡ ಕಾರಣವೆಂದು ಈಗ ತಿಳಿದಿದೆ.)

ಕಡಲನ್ನು ಕಾಣದ ಬಾಲಿಕೆಯರಿಗೆ ಇದನ್ನು ತಿಳಿಸುವುದು ಹೇಗೆ? ಉಗ್ರಾಣದ ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ, ಗಾಜಿನ ಪಾತ್ರೆಯ ನೀರಿಗೆ ಕೆಲವು ಹನಿ ಹಾಲು ಬೆರಸಿ, ಒಂದು ಪಕ್ಕದಿಂದ ಬ್ಯಾಟರಿಯ ಬೆಳಕನ್ನು ಬಿಡಬೇಕು. ಅಡ್ಡದಿಂದ ನೋಡುವವಳಿಗೆ ನೀರು ತುಸು ನೀಲಿಯಾಗಿಯೂ, ಎದುರಿನಿಂದ ನೋಡುವವಳಿಗೆ ಬೆಳಕು ಕೇಸರಿಯಾಗಿಯೂ ತೋರುವುದು. ಇಬ್ಬರೂ ಸ್ಥಳ ಬದಲಿಸಿಕೊಂಡ ಹೊರತು ಒಬ್ಬಳ ಮಾತನ್ನು ಇನ್ನೊಬ್ಬಳು ನಂಬಳು. ನವಲಗುಂದದ ಎರೆಹೊಲಗಳ ಅಂಚಿನಲ್ಲಿ ಸೂರ್ಯನು ಕೆಂಪಾಗಿ ಮುಳುಗುವುದಕ್ಕೂ ನೆತ್ತಿಯ ಬಾನು ನೀಲಿಯಾಗಿರುವುದಕ್ಕೂ ಇರುವ ಸಂಬಂಧವನ್ನು ಆಗ ನಾವು ವಿವರಿಸಬೇಕಾದದ್ದು ಸ್ವಲ್ಪವೇ.

ಏಳು ವರುಷಗಳ ಸತತ ಪರಿಶ್ರಮದ ತರುವಾಯ, ೧೯೨೮ನೆಯ ಫೆಬ್ರುವರಿ ೨೮ಕ್ಕೆ ದೊಡ್ಡ ಶೋಧವು ಕೈಗೂಡಿತು. ಶಿಷ್ಯರಾದ ಕೆ. ಎಸ್. ಕೃಷ್ಣನ್‌ರವರು ಈ ಕಾರ್ಯದಲ್ಲಿ ಸಹಭಾಗಿಗಳಾಗಿದ್ದರು. ನೇರಳೆಯನ್ನು ಮಾತ್ರ ಬಿಡುವ ಗಾಜಿನಿಂದ ಸೂರ್ಯಪ್ರಕಾಶವನ್ನು ಹಾಯಿಸಿ ಶುದ್ಧದ್ರವದಲ್ಲಿ ಬೀಳಿಸಿದರು. ನೇರಳೆಯನ್ನು ತಡೆಯುವ ಇನ್ನೊಂದು ಗಾಜನ್ನು ಕಣ್ಣಿಗೆ ಹಿಡಿದರು. ಕತ್ತಲೆಯೇ ಕಾಣಬೇಕಾದಲ್ಲಿ ಮಸುಕಾದ ಬೆಳಕಿನ ಗೆರೆಯು ಕಂಡಿತು. ಅಣುಗಳನ್ನು ತಾಕಿದ ಬೆಳಕಿನಲ್ಲಿ ಅಲ್ಪಭಾಗವು ತನ್ನ ಬಣ್ಣವನ್ನೇ ಬದಲಿಸಿಕೊಂಡಿತ್ತು. ಈ ಶೋಧದ ಸಾಮಗ್ರಿಗೆ ತಗಲಿದ ವೆಚ್ಚವು ಕೆಲವು ನೂರು ರೂಪಾಯಿಗಳಷ್ಟೆ. ಇದನ್ನು ಶಾಲೆಯಲ್ಲಿ ತೋರಿಸಲಾಗದು. ಬೆಳಕು ತೀರ ಕ್ಷೀಣ. ಆದರೆ ಎರಡು ಬಣ್ಣದ ಕಾಗದಗಳನ್ನು ಒಂದರ ಮೇಲೊಂದು ಹಿಡಿದು ಬಹುಮಟ್ಟಿಗೆ ಕತ್ತಲಾಗುವುದನ್ನು ಕಂಡ ಬಾಲಿಕೆಗೆ, ಆ ಗೆರೆಯು ಎಂಥ ಅಚ್ಚರಿಯಾಗಿದ್ದೀತೆಂಬುದು ಹೊಳೆಯುತ್ತದೆ. ೧೯೩೦ರಲ್ಲಿ ಅವರಿಗೆ ನೋಬೆಲ್ ಪಾರಿತೋಷಕವು ದೊರೆಯಿತು.

೧೯೩೩ರಲ್ಲಿ ಅವರು ಬೆಂಗಳೂರಿನ ಟಾಟಾ ವಿಜ್ಞಾನಮಂದಿರದ ನಿರ್ದೇಶಕರಾಗಿ ನಮ್ಮ ನಾಡಿಗೆ ಬಂದರು. ಇಲ್ಲಿ ಹೆಣ್ಣುಮಕ್ಕಳ ಶಾಲೆಯವರಾದ ನಾವು ಮುಚ್ಚಿಡಬಾರದ ಒಂದು ಸಂಗತಿಯುಂಟು. ಅದೇ ವರುಷ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಮೊದಲಿಗರಾದ ಕಮಲಾ ಭಾಗವತರು (ನಮ್ಮ ಜಿಲ್ಲೆಯೂ ಆಗ ಮುಂಬಯಿ ಪ್ರಾಂತಕ್ಕೇ ಸೇರಿತ್ತು) ಅಲ್ಲಿ ಪ್ರವೇಶ ಬೇಡಿದಾಗ, ಹೆಣ್ಣೆಂಬ ಕಾರಣದಿಂದ ರಾಮನ್‌ರವರು ನಿರಾಕರಿಸಿದರು. ಕಾಲೇಜು ಕಾಣದವರ ಕೈಯ ನೈಪುಣ್ಯವನ್ನು ಗುರುತಿಸಿದವರಿಗೆ ಹೆಣ್ಣಿನ ಕೈಯ ಮೇಲೆ ನಂಬಿಕೆ ಹುಟ್ಟಲಿಲ್ಲ. ಇದನ್ನು ಕಾಲಧರ್ಮವೆಂದು ಕೆಲವರು ಹೇಳುವರು. ನಾವು ಅನ್ಯಾಯವೆಂದೇ ಕರೆಯುವೆವು. ಕಮಲಾರವರು ಹಿಮ್ಮೆಟ್ಟದೆ ಎದುರಿಗೇ ಹೋಗಿ ಹಟ ಹಿಡಿದು, ಒಂದು ವರುಷದ ಪರೀಕ್ಷಾವಧಿಯೆಂಬ ಕಟ್ಟುಪಾಡಿಗೆ ಒಳಗಾಗಿ ಸೇರಿ, ತಮ್ಮ ದುಡಿಮೆಯಿಂದ ಅವರ ಅಭಿಪ್ರಾಯವನ್ನು ತಿರುಗಿಸಿದರು. ೧೯೩೯ರಲ್ಲಿ ಕೇಂಬ್ರಿಜ್ಜಿನ ಡಾಕ್ಟರೇಟನ್ನೂ ಪಡೆದರು. ಅವರ ತರುವಾಯ ಅಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ತಿರುವಾಂಕೂರಿನ ಸಿರಿಯನ್ ಕ್ರೈಸ್ತ ಮನೆತನದ ಅನ್ನಾ ಮಣಿಯವರು ೧೯೪೦ರಲ್ಲಿ ರಾಮನ್‌ರವರ ಪ್ರಯೋಗಶಾಲೆಯನ್ನೇ ಸೇರಿ ವಜ್ರ ಮತ್ತು ಮಾಣಿಕ್ಯಗಳ ಬೆಳಕನ್ನು ಅಭ್ಯಸಿಸಿದರು. ಒಂದೊಂದು ಛಾಯಾಪಟಕ್ಕೆ ೧೫-೨೦ ತಾಸು ಹಿಡಿಯುತ್ತಿದ್ದಿತು. ಮುಂದೆ ಅವರು ಹವಾಮಾನ ಇಲಾಖೆಯಲ್ಲಿ ಅಳತೆಯ ಉಪಕರಣಗಳನ್ನು ಈ ದೇಶದಲ್ಲಿಯೇ ತಯಾರಿಸುವ ಏರ್ಪಾಡು ಮಾಡಿದರು.

೧೯೪೮ರಲ್ಲಿ ನಿವೃತ್ತರಾದ ರಾಮನ್‌ರವರು ಬೆಂಗಳೂರಿನಲ್ಲಿ ತಮ್ಮದೇ ಸಂಶೋಧನಾಲಯವನ್ನು ಕಟ್ಟಿದರು. ಆರಂಭದಲ್ಲಿ ಅಲ್ಲಿಗೆ ವಿದ್ಯುಚ್ಛಕ್ತಿಯೇ ಬಂದಿರಲಿಲ್ಲ. ಅವರು ಕಾದು ಕುಳಿತುಕೊಳ್ಳಲಿಲ್ಲ. ಕನ್ನಡಿಯನ್ನು ಸೂರ್ಯನ ಗತಿಗೆ ತಕ್ಕಂತೆ ಕೈಯಿಂದಲೇ ತಿರುಗಿಸುತ್ತ ಬಿಸಿಲನ್ನು ಕೋಣೆಯೊಳಗೆ ತಂದು ಪ್ರಯೋಗ ನಡೆಸಿದರು. ಕರೆಂಟು ಹೋಯಿತೆಂದು ಪಾಠ ನಿಲ್ಲಿಸುವ ನಮ್ಮ ಕಿರಿಯ ಶಿಕ್ಷಕಿಯರಿಗೆ ಈ ಸಂಗತಿಯನ್ನು ನಾವು ಆಗಾಗ್ಗೆ ನೆನಪಿಸುವುದುಂಟು. ನೋಡಲು ಬಂದ ಶಾಲಾಮಕ್ಕಳಿಗೆ ಅವರು ತಾವು ಕೂಡಿಸಿದ ಹರಳುಗಳನ್ನೂ, ಕತ್ತಲೆಕೋಣೆಯಲ್ಲಿ ಬಣ್ಣಬಣ್ಣವಾಗಿ ಹೊಳೆಯುವ ಖನಿಜಗಳನ್ನೂ ಉತ್ಸಾಹದಿಂದ ತೋರಿಸುತ್ತಿದ್ದರು. ಪ್ರತಿವರುಷ ಅಕ್ಟೋಬರ ೨ಕ್ಕೆ ಗಾಂಧೀಸ್ಮಾರಕ ಉಪನ್ಯಾಸವನ್ನು ಕೊಡುತ್ತಿದ್ದರು. ೧೯೭೦ರ ಉಪನ್ಯಾಸವೇ ಕಡೆಯದಾಯಿತು; ಕಿವಿಯು ಕೇಳುವ ಬಗೆಯೇ ಅಂದಿನ ವಿಷಯವಾಗಿತ್ತು. ಆ ನವೆಂಬರ ೨೧ಕ್ಕೆ ಅವರು ತೀರಿಕೊಂಡರು. ಅವರ ಇಚ್ಛೆಯಂತೆ ಸಂಶೋಧನಾಲಯದ ತೋಟದಲ್ಲಿಯೇ ದಹನವಾಯಿತು. ಆ ಸ್ಥಳದಲ್ಲಿ ಒಂದು ಮರವನ್ನು ನೆಟ್ಟಿದ್ದಾರೆ.