ಗಣಿತಸಾರದ ಮಹಾವೀರಾಚಾರ್ಯ

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಸೀಮೆಯು ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಆಳ್ವಿಕೆಗೆ ಒಳಪಟ್ಟಿತ್ತು. ಬನವಾಸಿ ನಾಡನ್ನು ಅವರ ಪರವಾಗಿ ಆಳುತ್ತಿದ್ದವನು ಬಂಕೆಯನೆಂಬ ವೀರ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರಕ್ಕೆ ಆ ಹೆಸರು ಬಂದದ್ದು ಅವನಿಂದಲೇ. 898ರಲ್ಲಿ ಜೈನ ಮಹಾಪುರಾಣವು ವಿದ್ವಜ್ಜನರ ಪೂಜೆಯನ್ನು ಪಡೆದ ಸ್ಥಳವೂ ಅದೇ. ಬಂಕೆಯನ ಒಡೆಯನಾದ ಅಮೋಘವರ್ಷ ನೃಪತುಂಗನು ಮಾನ್ಯಖೇಟದಲ್ಲಿ ಅರುವತ್ತು ವರ್ಷಗಳಿಗೂ ಮಿಕ್ಕಿ ರಾಜ್ಯವಾಳಿದನು. ಕತ್ತಿಗಿಂತ ಓಲೆಗರಿಯನ್ನೇ ಹೆಚ್ಚು ಮೆಚ್ಚಿದ ಆ ದೊರೆಯ ಕಾಲದಲ್ಲಿ, ಸುಮಾರು 850ರಲ್ಲಿ, ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದವನು ಜೈನ ವಿದ್ವಾಂಸನಾದ ಮಹಾವೀರಾಚಾರ್ಯ.

ಆತನು ಗ್ರಂಥದ ಮೊದಲಿಗೆ ಜಿನನನ್ನು ವಂದಿಸಿ, ಅಮೋಘವರ್ಷನನ್ನು ಕೊಂಡಾಡಿ, ಗಣಿತದ ಹಿರಿಮೆಯನ್ನು ವಿವರಿಸುತ್ತಾನೆ. ತನ್ನ ತಾಯಿತಂದೆಗಳ ಹೆಸರನ್ನಾಗಲಿ ಹುಟ್ಟಿದ ಊರನ್ನಾಗಲಿ ಹೇಳಿಕೊಳ್ಳುವುದಿಲ್ಲ. ಆದುದರಿಂದ ಆತನ ಬಾಳನ್ನು ಆತನ ಲೆಕ್ಕಗಳಲ್ಲಿಯೇ ಹುಡುಕಬೇಕು. ಅಡಿಗೆಮನೆ, ಪೇಟೆ, ಕಣಜ, ಅಕ್ಕಸಾಲೆಗಳೆಲ್ಲ ಅಲ್ಲಿ ಬರುತ್ತವೆ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳನ್ನು ಬೇರೆ ಬೇರೆಯಾಗಿ ಬೆರಸಿದರೆ ಎಷ್ಟು ಬಗೆಯಾಗುವುದೆಂಬುದು ಅವುಗಳಲ್ಲಿ ಒಂದು. ಬಿಡಿ ರಸಗಳೂ ಸೇರಿ 63 ಬಗೆ ಎಂಬುದು ಅದರ ಉತ್ತರ.

ಗ್ರಂಥದ ಮೊದಲ ಅಧಿಕಾರವು ಅಳತೆಗಳಿಗೇ ಮೀಸಲಾಗಿದೆ. ಕಣ್ಣಿಗೆ ಕಾಣದ ಪರಮಾಣುವಿನಿಂದ ತೊಡಗಿ ಅಣು, ತ್ರಸರೇಣು, ರಥರೇಣು, ಕೂದಲೆಳೆ, ಎಳ್ಳು, ಜವೆಗೋಧಿ ಎಂದು ಎಂಟೆಂಟು ಪಟ್ಟಿನಂತೆ ಏರುತ್ತ ಅಂಗುಲಕ್ಕೆ ಬರುತ್ತಾನೆ. ಧಾನ್ಯದ ಅಳತೆಯಲ್ಲಿ ಷೋಡಶಿಕೆ, ಕುಡಬ, ಪ್ರಸ್ಥ, ಆಢಕ, ದ್ರೋಣ, ಮಾನಿ, ಖಾರಿಗಳು ಒಂದಕ್ಕೊಂದು ನಾಲ್ಕು ಪಟ್ಟು. ಹಾಗಾಗಿ ಒಂದು ಖಾರಿಗೆ 4096 ಷೋಡಶಿಕೆ. ಚಿನ್ನಕ್ಕೆ ಬೇರೆಯೇ ತೂಕ: ನಾಲ್ಕು ಗಂಡಕಕ್ಕೆ ಒಂದು ಗುಲಗಂಜಿ, ಐದು ಗುಲಗಂಜಿಗೆ ಒಂದು ಪಣ, ಹೀಗೆಯೇ ಧರಣ, ಕರ್ಷಗಳನ್ನು ದಾಟಿ ಒಂದು ಪಲವನ್ನು ಮುಟ್ಟುವಾಗ 1280 ಗಂಡಕಗಳಾಗಿರುತ್ತವೆ. ಕಬ್ಬಿಣಕ್ಕಾದರೋ ಇನ್ನೊಂದು ತೂಕ. ಅಲ್ಲಿ 200 ಪಲ ಸೇರಿ ಒಂದು ತುಲೆ, ಹತ್ತು ತುಲೆ ಸೇರಿ ಒಂದು ಭಾರ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಕೊಳಗದಲ್ಲಿ ಅಳೆಯುವ ಧಾನ್ಯದ ಮಾನವು ಗಾತ್ರದ್ದು; ತಕ್ಕಡಿಯಲ್ಲಿ ತೂಗುವ ಚಿನ್ನದ ಮಾನವು ತೂಕದ್ದು. ಇವೆರಡನ್ನೂ ಬೆಸೆಯುವ ಪ್ರಮಾಣವನ್ನೇ ಇಂದು ಸಾಂದ್ರತೆ ಎನ್ನುತ್ತೇವೆ. ನೀರಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು ಒಂದು ಗ್ರಾಂ. ಇದನ್ನು ಕಿಲೋಗ್ರಾಂ, ಘನ ಮೀಟರುಗಳಿಗೆ ಮಾರ್ಪಡಿಸುವಾಗ ತೂಕವನ್ನು ಮಾತ್ರ ಬದಲಿಸಿ ಗಾತ್ರವನ್ನು ಮರೆತವನು ಅದನ್ನು 0.001 ಎಂದು ಬರೆದಾನು! ಒಂದು ಘನ ಮೀಟರಿನಲ್ಲಿ ಹತ್ತು ಲಕ್ಷ ಘನ ಸೆಂಟಿಮೀಟರುಗಳಿವೆ. ಆದುದರಿಂದ ಅಷ್ಟು ನೀರಿನ ತೂಕ ಹತ್ತು ಲಕ್ಷ ಗ್ರಾಂ, ಎಂದರೆ 1000 ಕಿಲೋಗ್ರಾಂ. ಹಾಗೆಯೇ ಚಿನ್ನದ 19.3 ಎಂಬುದು 19,300 ಆಗುತ್ತದೆ. ಈ ಮಾರ್ಪಾಟಿಗೆ ಆಚಾರ್ಯನು ಕಲಿಸಿದ ತ್ರೈರಾಶಿಯೇ ಸಾಕು.

ಆತನು ಸಂಖ್ಯಾಸ್ಥಾನಗಳಿಗೆ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಹೆಸರುಗಳನ್ನು ಕೊಟ್ಟಿದ್ದಾನೆ. ಒಂದರ ಮುಂದೆ ಇಪ್ಪತ್ತಮೂರು ಸೊನ್ನೆಗಳನ್ನಿಟ್ಟರೆ ಮಹಾಕ್ಷೋಭ. ಅಷ್ಟು ದೊಡ್ಡ ಸಂಖ್ಯೆಯಿಂದ ಯಾವ ವರ್ತಕನಿಗೆ ಪ್ರಯೋಜನ ಎಂದು ಕೇಳಬಹುದು. ಒಂದು ಗ್ರಾಂ ಹೈಡ್ರೋಜನ್ನಿನಲ್ಲಿ ಸುಮಾರು ಆರು ಮಹಾಕ್ಷೋಭ ಪರಮಾಣುಗಳಿವೆ. ನಕ್ಷತ್ರಗಳ ನಡುವೆ ಘನ ಸೆಂಟಿಮೀಟರಿಗೆ ಇಂಥ ಒಂದೇ ಪರಮಾಣು ಇರುವೆಡೆಯಲ್ಲಿ, ಸಾಂದ್ರತೆಯು ಒಂದು ಗ್ರಾಮನ್ನು ಆರು ಮಹಾಕ್ಷೋಭ ಪಾಲು ಮಾಡಿದಷ್ಟು! ನ್ಯೂಟ್ರಾನ್ ನಕ್ಷತ್ರದಲ್ಲಾದರೋ ಅಷ್ಟೇ ಗಾತ್ರಕ್ಕೆ ಹತ್ತಾರು ಕೋಟಿ ಟನ್ನು ದ್ರವ್ಯವಿರುತ್ತದೆ.

ಆಚಾರ್ಯನ ನಿಯಮಗಳೆಲ್ಲವೂ ಸರಿಯೆಂದಲ್ಲ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುವುದೆಂದು ಆತನು ಬರೆದನು. ಹಂಚಿಕೊಳ್ಳುವವರು ಯಾರೂ ಇಲ್ಲದಾಗ ರಾಶಿಯು ಇದ್ದಂತೆಯೇ ಇರುವುದೆಂದು ಬಗೆದನೋ ಏನೋ! ಆದರೆ ಋಣಸಂಖ್ಯೆಯು ಯಾವುದರ ವರ್ಗವೂ ಆಗದು, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂಬುದನ್ನು ನಿಚ್ಚಳವಾಗಿ ಕಂಡನು. ಅದಕ್ಕೊಂದು ಮೂಲವನ್ನು ಕಲ್ಪಿಸಿಕೊಳ್ಳಲು ಗಣಿತಲೋಕಕ್ಕೆ ಮುಂದೆ ಏಳು ಶತಮಾನಗಳು ಬೇಕಾದವು.

ಗಣಿತಸಾರಸಂಗ್ರಹವು ದಕ್ಷಿಣದಲ್ಲಿ ಬಹುಕಾಲ ಪಾಠಗ್ರಂಥವಾಗಿ ಬಾಳಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಕಾಲಕ್ರಮದಲ್ಲಿ ಅದು ಮರೆಗೆ ಸರಿದು, ಮಠಗಳ ಹಾಗೂ ಗ್ರಂಥಾಲಯಗಳ ಓಲೆಗಟ್ಟುಗಳಲ್ಲಿ ಉಳಿಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಮೂಡಬಿದಿರೆಯ ಜೈನ ಮಠದ ಕನ್ನಡ ಲಿಪಿಯ ಓಲೆಪ್ರತಿಯೇ ಮೊದಲಾದವುಗಳನ್ನು ಹೋಲಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಅದನ್ನು ಅಚ್ಚು ಹಾಕಿಸಿದರು.