ಕೊನೆಯ ಸಾಲಿಗೂ ಕೇಳಿಸಿದ ಪಿಟೀಲು

ಮಕ್ಕಳೇ, ಪಿರಿಯಾಪಟ್ಟಣ, ಕೆ.ಆರ್.ನಗರಗಳ ಕಡೆಯಿಂದ ಹರಿದು ಬರುವ ಕಾವೇರಿಗೆ ಹುಣಸೂರಿನ ಲಕ್ಷ್ಮಣತೀರ್ಥ ನದಿ ಸೇರುತ್ತದೆ. ಎಚ್.ಡಿ.ಕೋಟೆಯ ಕಪಿಲೆಯು ಮುಂದೆ ಇದೇ ಕಾವೇರಿಯನ್ನು ಕೂಡುತ್ತದೆ. ಆ ಸಂಗಮದ ಊರೇ ತಿರುಮಕೂಡಲು. ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು 1895ರಲ್ಲಿ ಹುಟ್ಟಿದ್ದು ಅಲ್ಲಿಯೇ.

1910ರಲ್ಲಿ ಅವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಸಂಗೀತ ಕಚೇರಿಗಳಿಗೆ ಹೆಸರಾದ ಪ್ರಸನ್ನ ಸೀತಾರಾಮ ಮಂದಿರವನ್ನು ಮೈಸೂರಿನಲ್ಲಿ ಕಟ್ಟಿಸಿದವರು ಈ ಗುರುಗಳೇ. ಎಂಟು ವರ್ಷಗಳ ಕಠಿಣ ಅಭ್ಯಾಸದ ನಂತರ ಚೌಡಯ್ಯನವರು ದೊಡ್ಡ ಗಾಯಕರ ಜೊತೆ ಪಿಟೀಲು ನುಡಿಸತೊಡಗಿದರು.

ಆದರೆ ಒಂದು ತೊಂದರೆಯಿತ್ತು. ಆಗಿನ ಕಚೇರಿಗಳಲ್ಲಿ ಧ್ವನಿವರ್ಧಕವಿರಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಪಿಟೀಲಿನ ನಾದ ಕೇಳಿಸುತ್ತಿರಲಿಲ್ಲ. ಏಕೆ ಗೊತ್ತೆ? ಶಬ್ದವು ದೂರ ಹೋದಂತೆ ಎಲ್ಲ ದಿಕ್ಕಿಗೂ ಹರಡಿ ಕ್ಷೀಣಿಸುತ್ತದೆ. ತೆಳುವಾದ ತಂತಿಯೊಂದೇ ಕಂಪಿಸಿದರೆ ಸ್ವಲ್ಪ ಗಾಳಿ ಮಾತ್ರ ಅಲುಗುತ್ತದೆ. ತಂತಿಯ ಕಂಪನ ಮರದ ಪೆಟ್ಟಿಗೆಗೂ ತಲುಪಿದಾಗಲೇ ನಾದ ದೊಡ್ಡದಾಗುತ್ತದೆ.

ಚೌಡಯ್ಯನವರು ಸುಮ್ಮನೆ ಕೂರಲಿಲ್ಲ. 1920ರ ದಶಕದಲ್ಲಿ ಪಿಟೀಲಿನ ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿದರು. ಜೋಡಿ ತಂತಿಗಳು ಒಟ್ಟಿಗೆ ನುಡಿದಾಗ ನಾದ ತುಂಬಿಕೊಂಡಿತು. ಏಳು ತಂತಿಗಳನ್ನು ಶ್ರುತಿಗೂಡಿಸಿ ನುಡಿಸುವುದು ಸುಲಭವಲ್ಲ. ಆದರೂ ಅವರು ಅದನ್ನು ಸಾಧಿಸಿದರು. 1957ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ನೀಡಿತು. 1967ರಲ್ಲಿ ಅವರು ತೀರಿಕೊಂಡರು.

ಅವರ ನೆನಪಿಗೆ ಬೆಂಗಳೂರಿನ ಮಲ್ಲೇಶ್ವರದ ಬಳಿ ಕೆ.ಕೆ. ಮೂರ್ತಿಯವರ ಶ್ರಮದಿಂದ ಒಂದು ಸಭಾಂಗಣ ಎದ್ದಿತು. 1980ರಲ್ಲಿ ಆರಂಭವಾದ ಚೌಡಯ್ಯ ಸ್ಮಾರಕ ಭವನದ ಆಕಾರ ಏಳು ತಂತಿಯ ಪಿಟೀಲಿನದು! ತಂತಿ, ಬಿರಡೆ, ಕುದುರೆ, ಕಮಾನು ಎಲ್ಲವೂ ಅದರಲ್ಲಿವೆ. ಒಳಗೆ ಸುಮಾರು ಸಾವಿರ ಜನ ಕೂರಬಹುದು.

ಹೊರಗಿನ ಆಕಾರ ಕಣ್ಣಿಗೆ ಚೆಂದ. ಆದರೆ ಸಭಾಂಗಣದೊಳಗೆ ಸಂಗೀತ ಚೆನ್ನಾಗಿ ಕೇಳಿಸಲು ಬೇರೆ ಲೆಕ್ಕವಿದೆ. ಬರಿಯ ಗೋಡೆಗೆ ಬಡಿದ ಶಬ್ದ ಹಿಂದಿರುಗಿ ಮುಂದಿನ ಸ್ವರದೊಡನೆ ಕಲಸಿಹೋಗುತ್ತದೆ. ಪರದೆ, ಮೆತ್ತೆ, ಜನರ ಬಟ್ಟೆಗಳು ಅದನ್ನು ಹೀರಿಕೊಳ್ಳುತ್ತವೆ. ಅಮೆರಿಕದ ವಿಜ್ಞಾನಿ ವ್ಯಾಲೇಸ್ ಸೆಬೈನ್ 1895ರಿಂದ ಕುರ್ಚಿಯ ಮೆತ್ತೆಗಳನ್ನೇ ಬಳಸಿ ಇದನ್ನು ಅಳೆದರು. ಆ ಲೆಕ್ಕದ ನೆರವಿನಿಂದ 1900ರಲ್ಲಿ ಬಾಸ್ಟನ್ ನಗರದ ಸಿಂಫನಿ ಹಾಲ್ ಸಿದ್ಧವಾಯಿತು.

ಒಬ್ಬರು ವಾದ್ಯವನ್ನು ತಿದ್ದಿದರು, ಇನ್ನೊಬ್ಬರು ಕೊಠಡಿಯನ್ನು ಅಳೆದರು. ಇಬ್ಬರೂ ಯೋಚಿಸಿದ್ದು ಕೇಳುಗರ ಕಿವಿಯ ಬಗ್ಗೆಯೇ.

ಮಾಡಿ ನೋಡಿ: ಒಂದು ರಬ್ಬರ್ ಬ್ಯಾಂಡನ್ನು ಬೆರಳುಗಳ ನಡುವೆ ಎಳೆದು ಮೀಟಿ. ನಂತರ ಅದನ್ನೇ ಖಾಲಿ ಡಬ್ಬಿಯ ತೆರೆದ ಬಾಯಿಯ ಮೇಲೆ ಬಿಗಿದು ಮೀಟಿ. ಕೊಠಡಿಯ ಕೊನೆಯಲ್ಲಿ ಕುಳಿತ ಗೆಳೆಯನಿಗೆ ಯಾವುದು ಚೆನ್ನಾಗಿ ಕೇಳಿಸಿತು? ಕೇಳಿ, ಬರೆದಿಡಿ.